ಏರ್ ಟ್ರಾಫಿಕ್ ಕಂಟ್ರೋಲರ್ ಆಗಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎಸ್ಸಿ. ಓದುತ್ತಿರುವ ಎಷ್ಟೋ ಮಕ್ಕಳಿಗೆ ಈ ಕೆಲಸಕ್ಕೆ ತಾವು ಅರ್ಜಿ ಹಾಕಬಹುದು ಅನ್ನೋದೇ ಗೊತ್ತಿಲ್ಲ. ಯಾರೋ ಹೇಳಿ ಗೊತ್ತಾಗುವ ಹೊತ್ತಿಗೆ ವಯಸ್ಸು ದಾಟಿರುತ್ತದೆ. ಹಾಗಾಗಬಾರದು ಅಂತ ವಿದ್ಯಾರ್ಥಿಗಳು ಮತ್ತು ಅವರ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿರುವುದು ಭಾರತದ ನೇಮಕಾತಿಯ ವಿವರ.

ಪ್ರ: ಕಂಟ್ರೋಲರ್ ಅಂದ್ರೆ ವಿಮಾನದ ಮುಂದೆ ನಿಂತು ಕೋಲು ಬೀಸುವವರಾ?

ಅಲ್ಲ. ಅವರು ಮಾರ್ಷಲರ್‌ಗಳು. ವಿಮಾನವನ್ನು ನಿಲ್ಲುವ ಜಾಗಕ್ಕೆ ಸರಿಯಾಗಿ ತಂದು ನಿಲ್ಲಿಸುವುದು ಅವರ ಕೆಲಸ. ಏರ್ ಟ್ರಾಫಿಕ್ ಕಂಟ್ರೋಲರ್ ಪೈಲಟ್‌ಗೆ ಕಾಣಿಸುವುದೇ ಇಲ್ಲ, ರೇಡಿಯೋದಲ್ಲಿ ಕೇಳಿಸುತ್ತಾರೆ ಅಷ್ಟೇ. ಯಾವ ವಿಮಾನ ಯಾವಾಗ ಹೊರಡಬೇಕು, ಎಷ್ಟು ಎತ್ತರಕ್ಕೆ ಏರಬೇಕು, ಯಾವ ದಿಕ್ಕಿಗೆ ತಿರುಗಬೇಕು, ಇಳಿಯುವ ಸಾಲಿನಲ್ಲಿ ಯಾರು ಮುಂದೆ ಯಾರು ಹಿಂದೆ, ಇದೆಲ್ಲ ಕಂಟ್ರೋಲರ್ ತೀರ್ಮಾನ.

ಪ್ರ: ಎಲ್ಲರೂ ಆ ಎತ್ತರದ ಟವರ್‌ನಲ್ಲೇ ಕೂರ್ತಾರಾ?

ಇಲ್ಲ, ಜಾಸ್ತಿ ಜನ ಕಿಟಕಿಯೇ ಇಲ್ಲದ ಕೋಣೆಯಲ್ಲಿ ರಾಡಾರ್ ಪರದೆಯ ಮುಂದೆ ಕೂರುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ಹೊರಟ ಒಂದು ವಿಮಾನವನ್ನೇ ತೆಗೆದುಕೊಳ್ಳಿ. ಎಂಜಿನ್ ಶುರು ಮಾಡುವ ಮೊದಲು ಪೈಲಟ್ ಕ್ಲಿಯರೆನ್ಸ್ ಡೆಲಿವರಿಯವರನ್ನು ಕರೆಯುತ್ತಾರೆ. ಅವರು ದಾರಿ, ಎತ್ತರ ಮತ್ತು ನಾಲ್ಕು ಅಂಕಿಯ ಒಂದು ಸ್ಕ್ವಾಕ್ ಕೋಡ್ ಕೊಡುತ್ತಾರೆ. ಆ ಕೋಡ್‌ನಿಂದಲೇ ರಾಡಾರ್ ಪರದೆಯ ಮೇಲೆ ಇದು ಯಾವ ವಿಮಾನ ಅಂತ ಗೊತ್ತಾಗುವುದು. ಆಮೇಲೆ ಗ್ರೌಂಡ್ ಕಂಟ್ರೋಲರ್ ವಿಮಾನವನ್ನು ಹಿಂದಕ್ಕೆ ತಳ್ಳಿಸಿಕೊಂಡು ಟ್ಯಾಕ್ಸಿವೇ ಮೇಲೆ ರನ್‌ವೇ ತನಕ ಕಳಿಸುತ್ತಾರೆ. ರನ್‌ವೇ ಮಾತ್ರ ಟವರ್ ಕಂಟ್ರೋಲರ್‌ದು. ಅವರ ಅನುಮತಿ ಇಲ್ಲದೆ ವಿಮಾನವೂ ರನ್‌ವೇಗೆ ಹೋಗುವಂತಿಲ್ಲ, ಜೀಪೂ ಹೋಗುವಂತಿಲ್ಲ.

ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ವಿಮಾನ ಅಪ್ರೋಚ್ ಕಂಟ್ರೋಲರ್ ಕೈಗೆ ಹೋಗುತ್ತದೆ. ಏರುವ ವಿಮಾನಗಳು ಮತ್ತು ಇಳಿಯಲು ಬರುವ ವಿಮಾನಗಳು ಒಂದನ್ನೊಂದು ದಾಟುವುದು ಇವರ ಜಾಗದಲ್ಲೇ. ಇನ್ನೂ ಮೇಲೆ ಹೋದ ಮೇಲೆ ಏರಿಯಾ ಕಂಟ್ರೋಲ್. ಬೆಂಗಳೂರಿನ ಆಕಾಶ ಚೆನ್ನೈ ವಿಭಾಗಕ್ಕೆ ಸೇರಿದ್ದು. ದೇಶದ ಆಕಾಶವನ್ನು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಅಂತ ನಾಲ್ಕು ದೊಡ್ಡ ವಿಭಾಗ ಮಾಡಿದ್ದಾರೆ, ಜೊತೆಗೆ ಗುವಾಹಟಿಯ ಒಂದು ಉಪವಿಭಾಗ ಇದೆ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಮೇಲಿನ ದೊಡ್ಡ ಭಾಗವೂ ನಮ್ಮ ಕಂಟ್ರೋಲರ್‌ಗಳ ಜವಾಬ್ದಾರಿಯೇ. ಒಟ್ಟು ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.). ವಿಮಾನ ಹೀಗೆ ಒಬ್ಬ ಕಂಟ್ರೋಲರ್‌ನಿಂದ ಇನ್ನೊಬ್ಬರ ಕೈಗೆ ದಾಟುತ್ತಾ ದಾಟುತ್ತಾ ದೆಹಲಿ ಸೇರುತ್ತದೆ.

ಪ್ರ: ಎರಡು ವಿಮಾನಗಳ ನಡುವೆ ಎಷ್ಟು ಅಂತರ ಇರಬೇಕು?

ಒಂದರ ಮೇಲೆ ಒಂದು ಹಾರುತ್ತಿದ್ದರೆ ಸಾಮಾನ್ಯವಾಗಿ 1,000 ಅಡಿ. 41,000 ಅಡಿಗಿಂತ ಮೇಲೆ 2,000 ಅಡಿ. ಒಂದೇ ಎತ್ತರದಲ್ಲಿದ್ದರೆ, ರಾಡಾರ್ ಇರುವ ಕಡೆ ದಾರಿ ಮಧ್ಯೆ 5 ನಾಟಿಕಲ್ ಮೈಲಿ, ದೊಡ್ಡ ನಿಲ್ದಾಣಗಳ ಹತ್ತಿರ 3. ರಾಡಾರ್ ಇಲ್ಲದ ಕಡೆ ಸಮಯ ಮತ್ತು ದೂರದ ಲೆಕ್ಕ ಹಾಕಿ ಇನ್ನೂ ಜಾಸ್ತಿ ಬಿಡಬೇಕು.

ಇಳಿಯುವಾಗ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ದೊಡ್ಡ ವಿಮಾನದ ರೆಕ್ಕೆಯ ತುದಿಯಿಂದ ಹೊರಟ ಸುಳಿಗಾಳಿ ಹಿಂದೆ ಬರುವ ಸಣ್ಣ ವಿಮಾನವನ್ನು ಉರುಳಿಸಿಬಿಡಬಹುದು. ಅದಕ್ಕೇ ವಿಮಾನಗಳನ್ನು ತೂಕದ ಮೇಲೆ ಲೈಟ್, ಮೀಡಿಯಂ, ಹೆವಿ ಅಂತ ವಿಂಗಡಿಸುತ್ತಾರೆ. 2022ರ ಅಕ್ಟೋಬರ್‌ನಿಂದ ಬೆಂಗಳೂರಿಗೆ ಬರುತ್ತಿರುವ ಎ380 ಅನ್ನುವ ಎರಡು ಮಹಡಿಯ ವಿಮಾನ ಇವೆಲ್ಲಕ್ಕಿಂತ ಮೇಲೆ, ಅದರದ್ದು ಸೂಪರ್ ಅನ್ನುವ ಬೇರೆಯೇ ವರ್ಗ. ಅದರ ಹಿಂದೆ ಬರುವ ವಿಮಾನಕ್ಕೆ ಕಂಟ್ರೋಲರ್ ಜಾಸ್ತಿ ಜಾಗ ಬಿಡಲೇಬೇಕು.

ಪ್ರ: ಈ ಕೆಲಸಕ್ಕೆ ತೆಗೆದುಕೊಳ್ಳುವವರು ಯಾರು?

ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ, ಅಂದರೆ ಎಎಐ. ಇದು ಕೇಂದ್ರ ಸರ್ಕಾರದ ಸಂಸ್ಥೆ, 1995ರ ಏಪ್ರಿಲ್ 1ರಂದು ಶುರುವಾಯಿತು. ಹುದ್ದೆಯ ಹೆಸರು ಜೂನಿಯರ್ ಎಕ್ಸಿಕ್ಯೂಟಿವ್, ಏರ್ ಟ್ರಾಫಿಕ್ ಕಂಟ್ರೋಲ್. ಬೆಂಗಳೂರು, ಮಂಗಳೂರು ವಿಮಾನ ನಿಲ್ದಾಣಗಳನ್ನು ಖಾಸಗಿ ಕಂಪನಿಗಳು ನಡೆಸುತ್ತವೆ, ಆದರೆ ಅಲ್ಲಿಯ ಟವರ್‌ನಲ್ಲಿ ಕೂತಿರುವವರು ಎಎಐ ಕಂಟ್ರೋಲರ್‌ಗಳೇ. ಆದ್ದರಿಂದ ನಿಲ್ದಾಣ ನಡೆಸುವ ಕಂಪನಿಗೆ ರೆಸ್ಯೂಮೆ ಕಳಿಸಿ ಕಂಟ್ರೋಲರ್ ಆಗಲು ಸಾಧ್ಯವಿಲ್ಲ.

ಪ್ರ: ಏನು ಓದಿರಬೇಕು?

ಎರಡು ದಾರಿ ಇವೆ. ಒಂದು, ಫಿಸಿಕ್ಸ್ ಮತ್ತು ಮ್ಯಾಥ್ಸ್ ಎರಡೂ ಇರುವ ಮೂರು ವರ್ಷದ ರೆಗ್ಯುಲರ್ ಬಿ.ಎಸ್ಸಿ. ಇನ್ನೊಂದು, ಯಾವುದೇ ಬ್ರಾಂಚಿನ ರೆಗ್ಯುಲರ್ ಬಿ.ಇ. ಅಥವಾ ಬಿ.ಟೆಕ್., ಆದರೆ ಯಾವುದಾದರೂ ಸೆಮಿಸ್ಟರ್‌ನಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಓದಿರಬೇಕು. ಇದರ ಜೊತೆಗೆ ಹತ್ತನೇ ಕ್ಲಾಸಿನಲ್ಲೋ ಹನ್ನೆರಡನೇ ಕ್ಲಾಸಿನಲ್ಲೋ ಇಂಗ್ಲಿಷ್ ಒಂದು ವಿಷಯವಾಗಿ ಪಾಸಾಗಿರಬೇಕು.

ನಮ್ಮ ಕಾಲೇಜುಗಳ ಲೆಕ್ಕದಲ್ಲಿ ಹೇಳಬೇಕೆಂದರೆ ಪಿಸಿಎಂ, ಪಿಎಂಇ, ಪಿಎಂಸಿಎಸ್ ಓದಿದವರು ಅರ್ಹರು. ಸಿಬಿಜೆಡ್ ಓದಿದವರು ಅಲ್ಲ. ವಿಟಿಯು ಬಿ.ಇ. ಮಾಡಿದವರು ಮೊದಲ ವರ್ಷ ಫಿಸಿಕ್ಸ್ ಸೈಕಲ್ ಓದಿರುತ್ತೀರಿ, ಆ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಕಳೆದುಕೊಳ್ಳಬೇಡಿ. ದಾಖಲೆ ಪರಿಶೀಲನೆಯಲ್ಲಿ ಅದನ್ನೇ ಕೇಳುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಿಸಿಎಂ ಓದಿದ ಹುಡುಗಿಗೂ ದೊಡ್ಡ ಎಂಜಿನಿಯರಿಂಗ್ ಕಾಲೇಜಿನ ಹುಡುಗನಿಗೂ ಇಲ್ಲಿ ಪರೀಕ್ಷೆ ಒಂದೇ, ಹುದ್ದೆ ಒಂದೇ, ಸಂಬಳ ಒಂದೇ. ಬಿ.ಎಸ್ಸಿ. ಮುಗಿಸಿದರೆ ಬಿ.ಇಡಿ. ಬಿಟ್ಟು ಬೇರೆ ದಾರಿ ಇಲ್ಲ ಅಂದುಕೊಂಡಿರುವ ಮನೆಗಳಲ್ಲಿ ಈ ವಿಷಯ ಗೊತ್ತಾಗಬೇಕು.

ಪ್ರ: ಬಿಸಿಎ, ಬಿ.ಕಾಂ., ಡಿಪ್ಲೊಮಾ ಆದವರು?

ಬಿಸಿಎ, ಬಿ.ಕಾಂ. ನಡೆಯುವುದಿಲ್ಲ. ಬರೀ ಡಿಪ್ಲೊಮಾ ಆಗಿದ್ದರೆ ಸಾಲದು. ಡಿಪ್ಲೊಮಾ ಆದ ಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಮಾಡಿದವರು ತಮ್ಮ ಮಾರ್ಕ್ಸ್ ಕಾರ್ಡುಗಳಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಎಲ್ಲಿವೆ ಅಂತ ಮೊದಲೇ ನೋಡಿಕೊಳ್ಳಬೇಕು. ದೂರಶಿಕ್ಷಣದ ಬಿ.ಎಸ್ಸಿ. ಆಗುವುದಿಲ್ಲ.

ಪ್ರ: ಗೇಟ್ (ಎಂಜಿನಿಯರಿಂಗ್ ಪದವೀಧರರ ಅರ್ಹತಾ ಪರೀಕ್ಷೆ) ಬರೆಯಬೇಕಾ?

ಬೇಡ. ಎಎಐನಲ್ಲಿ ಎಲೆಕ್ಟ್ರಾನಿಕ್ಸ್, ಸಿವಿಲ್‌ನಂಥ ಎಂಜಿನಿಯರಿಂಗ್ ಹುದ್ದೆಗಳಿಗೆ ಗೇಟ್ ಅಂಕ ನೋಡುತ್ತಾರೆ. ರಾಡಾರ್, ರೇಡಿಯೋಗಳನ್ನು ನೋಡಿಕೊಳ್ಳುವ ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳು ಬೇರೆ, ಅವುಗಳ ಮುಂದೆ ಕೂರುವ ಕಂಟ್ರೋಲರ್‌ಗಳು ಬೇರೆ. ಅರ್ಜಿ ಹಾಕುವಾಗ ಹುದ್ದೆಯ ಹೆಸರು ಸರಿಯಾಗಿ ಓದಿ.

ಪ್ರ: ವಯಸ್ಸು?

ಅರ್ಜಿಯ ಕೊನೆಯ ದಿನಕ್ಕೆ 27 ದಾಟಿರಬಾರದು. ಒಬಿಸಿಗೆ 3 ವರ್ಷ, ಎಸ್‌ಸಿ ಮತ್ತು ಎಸ್‌ಟಿಗೆ 5 ವರ್ಷ ಸಡಿಲಿಕೆ ಇದೆ. ಮಾಜಿ ಸೈನಿಕರಿಗೆ ಬೇರೆ ನಿಯಮ.

ಪ್ರ: ವರ್ಷಕ್ಕೆ ಎಷ್ಟು ಹುದ್ದೆ ಬರುತ್ತವೆ?

ಇಷ್ಟೇ ಅಂತ ಇಲ್ಲ. 2022ರಲ್ಲಿ 400, 2023ರಲ್ಲಿ 496, 2025ರಲ್ಲಿ 309 ಹುದ್ದೆಗೆ ಕರೆದಿದ್ದರು. 2024ರ ಲೆಕ್ಕ ಇಲ್ಲಿಲ್ಲ, ನೋಡಿದಿರಾ? ಪ್ರತಿ ವರ್ಷ ಬರುತ್ತದೆ ಅಂತ ನಂಬಿ ಕೂರಬೇಡಿ. ಬೇರೆ ಕೆಲಸವನ್ನೋ ಓದನ್ನೋ ಮುಂದುವರಿಸುತ್ತಲೇ ತಯಾರಿ ನಡೆಸಿ.

ಪ್ರ: ಪರೀಕ್ಷೆ ಹೇಗಿರುತ್ತದೆ?

ಕಂಪ್ಯೂಟರ್ ಮೇಲೆ ಬರೆಯುವ ಪರೀಕ್ಷೆ. 120 ಪ್ರಶ್ನೆ, 120 ಅಂಕ, 2 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಅರ್ಧ ಭಾಗದಲ್ಲಿ ಇಂಗ್ಲಿಷ್ 20, ರೀಸನಿಂಗ್ 15, ಲೆಕ್ಕದ ಸಾಮರ್ಥ್ಯ 15, ಸಾಮಾನ್ಯ ಜ್ಞಾನ 10. ಇನ್ನರ್ಧದಲ್ಲಿ ಮ್ಯಾಥ್ಸ್ 30, ಫಿಸಿಕ್ಸ್ 30. ಇದು ಇತ್ತೀಚಿನ ನೇಮಕಾತಿಗಳಲ್ಲಿ ಇದ್ದ ಮಾದರಿ.

ಆಯ್ಕೆ ನಿರ್ಧಾರ ಆಗುವುದು ಈ ಎರಡನೇ ಅರ್ಧದಲ್ಲಿ. ರೀಸನಿಂಗ್, ಇಂಗ್ಲಿಷ್ ಎಲ್ಲರೂ ಓದಿರುತ್ತಾರೆ, ಬ್ಯಾಂಕ್ ಪರೀಕ್ಷೆಗೆ ಓದುವವರೂ ಓದಿರುತ್ತಾರೆ. ಫಿಸಿಕ್ಸ್ ಮತ್ತು ಮ್ಯಾಥ್ಸ್ ಮಾತ್ರ ಪಿಯುಸಿ ಆದ ಮೇಲೆ ಕೈಬಿಟ್ಟವರು ಬಹಳ. ಪಿಯುಸಿ ಪುಸ್ತಕಗಳನ್ನು ಮತ್ತೆ ತೆಗೆಯಿರಿ. ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ, ವೆಕ್ಟರ್ ಬಾಯಿಗೆ ಬರಬೇಕು. ಫಿಸಿಕ್ಸ್‌ನಲ್ಲಿ ಚಲನೆ, ತರಂಗ, ಬೆಳಕು, ವಿದ್ಯುತ್, ಸೆಮಿಕಂಡಕ್ಟರ್ ಬಿಡಬೇಡಿ. ಬಿ.ಎಸ್ಸಿ.ಯವರಿಗೆ ಇಲ್ಲಿ ನಿಜಕ್ಕೂ ಅನುಕೂಲ ಜಾಸ್ತಿ, ಯಾಕೆಂದರೆ ಇವೆರಡನ್ನೂ ಅವರು ಡಿಗ್ರಿಯಲ್ಲೂ ಓದಿರುತ್ತಾರೆ. ಎಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಫಿಸಿಕ್ಸ್ ಬಿಟ್ಟು ಸುಮಾರು ಮೂರು ವರ್ಷ ಆಗಿರುತ್ತದೆ.

ಅರ್ಜಿ ಶುಲ್ಕ 1,000 ರೂಪಾಯಿ ಇತ್ತು. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಶುಲ್ಕ ಇಲ್ಲ.

ಪ್ರ: ನಾನು ಕನ್ನಡ ಮೀಡಿಯಂ. ನನ್ನಿಂದ ಆಗುತ್ತಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಆಗುತ್ತದೆ. ಆದರೆ ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಕೆಲಸವೂ ಇಂಗ್ಲಿಷ್‌ನಲ್ಲೇ.

ಯಾಕೆ ಇಷ್ಟು ಕಟ್ಟುನಿಟ್ಟು ಅಂತ ಕೇಳುವವರಿಗೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ನಡೆದ ಅಪಘಾತದ ವಿಷಯ ಹೇಳಬೇಕು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿ ವಿಮಾನ 14,000 ಅಡಿಯಲ್ಲಿ ನಿಲ್ಲಬೇಕಿತ್ತು. ಎದುರಿನಿಂದ ಇಳಿಯಲು ಬರುತ್ತಿದ್ದ ಕಜಕಿಸ್ತಾನದ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು. ಕಂಟ್ರೋಲರ್ ಸೂಚನೆ ಸರಿಯಾಗೇ ಇತ್ತು. ಎದುರಿಗೆ ವಿಮಾನ ಇದೆ ಅಂತಲೂ ಹೇಳಿದ್ದರು. ಆದರೂ ಕಜಕ್ ವಿಮಾನ ತನಗೆ ಹೇಳಿದ ಎತ್ತರ ಬಿಟ್ಟು ಕೆಳಗಿಳಿಯಿತು. ಎರಡೂ ಡಿಕ್ಕಿ ಹೊಡೆದು 349 ಜನ ಸತ್ತರು. ಆ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಅರ್ಥವಾಗದೆ ಇದ್ದದ್ದು ತನಿಖೆಯಲ್ಲಿ ಹೇಳಿದ ಕಾರಣಗಳಲ್ಲಿ ಒಂದು. ಆಗ ದೆಹಲಿಯಲ್ಲಿದ್ದ ರಾಡಾರ್ ವಿಮಾನದ ಎತ್ತರ ತೋರಿಸುತ್ತಿರಲಿಲ್ಲ, ಹಾಗಾಗಿ ಕಂಟ್ರೋಲರ್‌ಗೆ ಪೈಲಟ್ ಹೇಳಿದ ಮಾತೇ ಆಧಾರ.

ಈಗ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಇಂಗ್ಲಿಷ್‌ಗೆ ಆರು ಹಂತ ಇಟ್ಟಿದೆ. ಕನಿಷ್ಠ ನಾಲ್ಕನೇ ಹಂತ ಬೇಕು. ಅಲ್ಲಿ ನೋಡುವುದು ಉಚ್ಚಾರ ಬ್ರಿಟಿಷರ ಹಾಗಿದೆಯಾ ಅಂತಲ್ಲ. ಹೇಳಿದ್ದು ಬೇರೆ ದೇಶದವರಿಗೂ ಸಲೀಸಾಗಿ ಅರ್ಥವಾಗುತ್ತಾ, ಅರ್ಥವಾಗದಾಗ ಮತ್ತೆ ಕೇಳಿ ಸರಿಮಾಡಿಕೊಳ್ಳುವಷ್ಟು ಭಾಷೆ ಇದೆಯಾ ಅನ್ನೋದು. ನಮ್ಮ ಊರಿನ ಧಾಟಿ ಇದ್ದರೆ ಏನೂ ತೊಂದರೆ ಇಲ್ಲ.

ದಿನಾ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿ ಜೋರಾಗಿ ಓದಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಅಭ್ಯಾಸ ಮಾಡಿ. ಗ್ರಾಮರ್ ಪುಸ್ತಕ ಮುಗಿಸಿ ಬಾಯಿ ಮುಚ್ಚಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರ: ರೇಡಿಯೋದಲ್ಲಿ ಮಾತಾಡುವ ರೀತಿ ಯಾಕೆ ಅಷ್ಟು ವಿಚಿತ್ರ?

ಒಂದು ಮಾತಿಗೆ ಒಂದೇ ಅರ್ಥ ಇರಲಿ ಅಂತ. ಉದಾಹರಣೆಗೆ, ಕಂಟ್ರೋಲರ್ ‘ಡಿಸೆಂಡ್ ಟು ಫ್ಲೈಟ್ ಲೆವೆಲ್ ಒನ್ ಟೂ ಝೀರೋ’ (12,000 ಅಡಿಗೆ ಇಳಿಯಿರಿ) ಅಂದರೆ ಪೈಲಟ್ ಸುಮ್ನೆ ‘ಓಕೆ’ ಅನ್ನುವಂತಿಲ್ಲ. ಅದನ್ನೇ ತಿರುಗಿ ಹೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಅನ್ನುತ್ತಾರೆ. ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಿ, ಒಂದು ಅಂಕಿ ತಪ್ಪಿದ್ದರೂ ಹಿಡಿಯಬೇಕು. ಒಂಬತ್ತನ್ನು ನೈನರ್ ಅನ್ನುತ್ತಾರೆ, ಐದರ ಜೊತೆ ಕಲೆಸಿಹೋಗಬಾರದು ಅಂತ.

1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಮಂಜಿನಲ್ಲಿ ಎರಡು ಜಂಬೊ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಒಂದು ವಿಮಾನ ಅನುಮತಿ ಇಲ್ಲದೆ ಓಟ ಶುರು ಮಾಡಿತ್ತು. ಆ ಹೊತ್ತಿನ ರೇಡಿಯೋ ಮಾತುಕತೆ ಎರಡು ಅರ್ಥ ಕೊಡುವಂತಿತ್ತು. ಆಮೇಲೆ ನಿಯಮ ಬದಲಾಯಿತು. ‘ಟೇಕಾಫ್’ ಅನ್ನುವ ಪದವನ್ನು ಈಗ ಟೇಕಾಫ್‌ಗೆ ಅನುಮತಿ ಕೊಡುವಾಗ ಅಥವಾ ವಾಪಸ್ ಪಡೆಯುವಾಗ ಮಾತ್ರ ಬಳಸುತ್ತಾರೆ. ಬೇರೆ ಎಲ್ಲ ಕಡೆ ‘ಡಿಪಾರ್ಚರ್’.

ಒಳ್ಳೆಯ ಕಂಟ್ರೋಲರ್ ಅಂದ್ರೆ ಚೆನ್ನಾಗಿ ಮಾತಾಡುವವರು ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುವವರೇ ಒಳ್ಳೆಯ ಕಂಟ್ರೋಲರ್. ತಾನು ಹೇಳಿದ್ದನ್ನೇ ಪೈಲಟ್ ಹೇಳುತ್ತಾನೆ ಅಂತ ಮನಸ್ಸು ಮೊದಲೇ ಅಂದುಕೊಂಡುಬಿಡುತ್ತದೆ. ನಿಜವಾಗಿ ಅವನು ಏನು ಹೇಳಿದ ಅನ್ನೋದನ್ನು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಳ್ಳಬೇಕು, ರಾತ್ರಿ ಮೂರು ಗಂಟೆಗೂ.

ಪ್ರ: ಪರೀಕ್ಷೆ ಪಾಸಾದ ಮೇಲೆ ಏನೇನು ಇರುತ್ತೆ?

ದಾಖಲೆ ಪರಿಶೀಲನೆ, ವಾಯ್ಸ್ ಟೆಸ್ಟ್, ಮಾದಕ ವಸ್ತು ಪರೀಕ್ಷೆ, ಮಾನಸಿಕ ಸಾಮರ್ಥ್ಯದ ಪರೀಕ್ಷೆ, ವೈದ್ಯಕೀಯ ಪರೀಕ್ಷೆ, ಆಮೇಲೆ ಹಿನ್ನೆಲೆ ಪರಿಶೀಲನೆ. ವಾಯ್ಸ್ ಟೆಸ್ಟ್‌ನಲ್ಲಿ ನಿಮ್ಮ ಮಾತು ಸ್ಪಷ್ಟವಾಗಿದೆಯಾ, ತಡವರಿಸದೆ ಬರುತ್ತದಾ ಅಂತ ನೋಡುತ್ತಾರೆ. ಮಾದಕ ವಸ್ತು ಪರೀಕ್ಷೆ ಸೇರುವಾಗ ಒಂದೇ ಸಲ ಅಲ್ಲ, ಕೆಲಸದಲ್ಲಿದ್ದಾಗಲೂ ಯಾವಾಗ ಬೇಕಾದರೂ ಮಾಡುತ್ತಾರೆ.

ಪ್ರ: ಕನ್ನಡಕ ಇದ್ದರೆ ತೆಗೆದುಕೊಳ್ಳಲ್ವಾ?

ತೆಗೆದುಕೊಳ್ಳುತ್ತಾರೆ. ಕಂಟ್ರೋಲರ್‌ಗಳಿಗೆ ಇರುವುದು ಕ್ಲಾಸ್ 3 ಮೆಡಿಕಲ್. ಕನ್ನಡಕ ಹಾಕಿದಾಗ ದೃಷ್ಟಿ ಮಟ್ಟಕ್ಕೆ ತಕ್ಕಂತಿದ್ದರೆ ಆಯಿತು. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಮಾತ್ರ ಕಷ್ಟ. ಪರದೆಯ ಮೇಲೂ ರನ್‌ವೇ ದೀಪಗಳಲ್ಲೂ ಬಣ್ಣವೇ ಎಷ್ಟೋ ವಿಷಯ ಹೇಳುತ್ತದೆ. ವರ್ಷಗಟ್ಟಲೆ ಓದುವ ಮೊದಲು ಹತ್ತಿರದ ಕಣ್ಣಿನ ಡಾಕ್ಟರ್ ಬಳಿ ಬಣ್ಣದ ಪರೀಕ್ಷೆ ಮಾಡಿಸಿಕೊಂಡುಬಿಡಿ. ಕಿವಿಯನ್ನೂ ತೋರಿಸಿ.

ಪ್ರ: ತರಬೇತಿ ಎಲ್ಲಿ?

ಪ್ರಯಾಗ್‌ರಾಜ್‌ನ ಬಮ್ರೌಲಿಯಲ್ಲಿರುವ ನಾಗರಿಕ ವಿಮಾನಯಾನ ತರಬೇತಿ ಕಾಲೇಜು ಹಳೆಯದು, 1948ರಿಂದ ಇದೆ. ಮಹಾರಾಷ್ಟ್ರದ ಗೊಂದಿಯಾದಲ್ಲಿ ಮತ್ತು ಹೈದರಾಬಾದ್‌ನಲ್ಲೂ ಎಎಐ ತರಬೇತಿ ಕೇಂದ್ರಗಳಿವೆ. ವಿಮಾನಯಾನ ಕಾನೂನು, ಹವಾಮಾನ, ನ್ಯಾವಿಗೇಷನ್, ವಿಮಾನಗಳ ವೇಗ ಮತ್ತು ಏರುವ ಸಾಮರ್ಥ್ಯ, ರಾಡಾರ್ ಕೆಲಸ ಮಾಡುವ ರೀತಿ, ಮನುಷ್ಯ ಯಾವಾಗ ಯಾಕೆ ತಪ್ಪು ಮಾಡುತ್ತಾನೆ, ಇವೆಲ್ಲ ಪಾಠಗಳು. ಜೊತೆಗೆ ಸಿಮ್ಯುಲೇಟರ್. ಅಲ್ಲಿ ಸುಳ್ಳು ವಿಮಾನಗಳನ್ನು ಬಿಡುತ್ತಾರೆ, ಇನ್ನೊಂದು ಕೋಣೆಯಿಂದ ಯಾರೋ ಪೈಲಟ್ ಆಗಿ ಮಾತಾಡುತ್ತಾರೆ. ಮೊದಲು ಎರಡು ವಿಮಾನ, ಆಮೇಲೆ ಆರು, ಆಮೇಲೆ ಅದರಲ್ಲೊಂದರ ಎಂಜಿನ್ ಕೆಡುತ್ತದೆ.

ಪ್ರ: ತರಬೇತಿ ಮುಗಿದ ತಕ್ಷಣ ಮೈಕ್ ಕೈಗೆ ಕೊಡ್ತಾರಾ?

ಕೊಡುವುದಿಲ್ಲ. ಇದನ್ನು ಬಹಳ ಜನ ತಿಳಿದುಕೊಂಡಿರುವುದಿಲ್ಲ. ಪೋಸ್ಟಿಂಗ್ ಆದ ಊರಿನಲ್ಲಿ ಮತ್ತೆ ಕಲಿಕೆ ಶುರು. ಲೈಸೆನ್ಸ್ ಇರುವ ಅನುಭವಿ ಕಂಟ್ರೋಲರ್ ಪಕ್ಕದಲ್ಲಿ ಕೂತಿರುತ್ತಾರೆ, ನೀವು ನಿಜವಾದ ವಿಮಾನಗಳ ಜೊತೆ ಮಾತಾಡುತ್ತೀರಿ. ನಿಮ್ಮ ಮಾತಿನ ಹೊಣೆ ಅವರದು. ಅವರು ಯಾವ ಕ್ಷಣದಲ್ಲಾದರೂ ನಿಮ್ಮ ಮಾತು ತಡೆದು ತಾವೇ ಮಾತಾಡಬಹುದು. ನಿಗದಿಯಾದಷ್ಟು ಗಂಟೆ ಹೀಗೆ ಮಾಡಿದ ಮೇಲೆ ಬರಹದಲ್ಲೂ ಬಾಯಿಯಲ್ಲೂ ಕೆಲಸದ ಮೇಲೂ ಪರೀಕ್ಷೆ. ಪಾಸಾದರೆ ರೇಟಿಂಗ್, ಅಂದರೆ ನೀವೇ ಕೂತು ಕೆಲಸ ಮಾಡುವ ಅನುಮತಿ ಸಿಗುತ್ತದೆ.

ಆ ರೇಟಿಂಗ್ ಆ ಜಾಗಕ್ಕೆ, ಆ ಕೆಲಸಕ್ಕೆ ಮಾತ್ರ. ಹುಬ್ಬಳ್ಳಿಯ ಟವರ್ ರೇಟಿಂಗ್ ಇಟ್ಟುಕೊಂಡು ಬೆಂಗಳೂರಿಗೆ ಬಂದು ಕೂತು ಮಾತಾಡುವಂತಿಲ್ಲ. ಬೆಂಗಳೂರಿನಲ್ಲಿ ಪಕ್ಕಪಕ್ಕ ಎರಡು ರನ್‌ವೇ. ಹತ್ತಿರದಲ್ಲೇ ಯಲಹಂಕ ವಾಯುಪಡೆ ನೆಲೆ, ಜಕ್ಕೂರಿನ ಸರ್ಕಾರಿ ಫ್ಲೈಯಿಂಗ್ ಸ್ಕೂಲ್, ನಗರದೊಳಗೆ ಎಚ್‌ಎಎಲ್ ವಿಮಾನ ನಿಲ್ದಾಣ. ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಗಂಟೆಗಟ್ಟಲೆ ಪ್ರಯಾಣಿಕ ವಿಮಾನಗಳನ್ನೇ ನಿಲ್ಲಿಸಬೇಕಾಗುತ್ತದೆ. ಮಂಗಳೂರಿನದು ಬೇರೆ ಕಥೆ. ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ, ಮೇಲೆ ಕರಾವಳಿಯ ಮಳೆ. ಪ್ರತಿ ಊರಿನ ಗಾಳಿ, ಗುಡ್ಡ, ಮಂಜು, ಸುತ್ತಲಿನ ಆಕಾಶ ಬೇರೆ ಬೇರೆ. ಅದಕ್ಕೇ ಇಪ್ಪತ್ತು ವರ್ಷ ಕೆಲಸ ಮಾಡಿದವರೂ ವರ್ಗವಾದ ಊರಿನಲ್ಲಿ ಮತ್ತೆ ವಿದ್ಯಾರ್ಥಿ ಆಗುತ್ತಾರೆ. ತನಗಿಂತ ಚಿಕ್ಕವರ ಪಕ್ಕದಲ್ಲಿ ಕೂತು ಕಲಿಯಲು, ಎಲ್ಲರ ಮುಂದೆ ತಿದ್ದಿಸಿಕೊಳ್ಳಲು ಮನಸ್ಸು ಒಪ್ಪಬೇಕು. ಒಪ್ಪದವರಿಗೆ ಈ ಕೆಲಸ ಕಷ್ಟ.

ಪ್ರ: ಸಂಬಳ ಎಷ್ಟು?

ಮೂಲ ವೇತನ 40,000 ರೂಪಾಯಿಯಿಂದ ಶುರು, ಶ್ರೇಣಿ 1,40,000ದವರೆಗೆ. ಇದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ, ಮೂಲ ವೇತನದ ಶೇ. 35ರಷ್ಟು ಪರ್ಕ್ಸ್, ಪಿಎಫ್, ಗ್ರಾಚ್ಯುಟಿ, ವೈದ್ಯಕೀಯ ಸೌಲಭ್ಯ. ಎಲ್ಲ ಸೇರಿ ವರ್ಷಕ್ಕೆ ಸುಮಾರು 13 ಲಕ್ಷ ಅಂತ 2025ರ ಪ್ರಕಟಣೆಯಲ್ಲಿ ಹೇಳಿದ್ದರು. ಅದು ಪೂರ್ತಿ ಕೈಗೆ ಬರುವ ಮೊತ್ತ ಅಲ್ಲ. ರೇಟಿಂಗ್ ಆದ ಮೇಲೆ ಅದಕ್ಕೂ ಭತ್ಯೆ ಇದೆ. ಸೇರುವಾಗ ಬಾಂಡ್ ಬರೆದುಕೊಡಬೇಕು. ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ಮೊತ್ತ ಲಕ್ಷಗಳಲ್ಲಿ ಇರುತ್ತದೆ, ಸಹಿ ಮಾಡುವ ಮೊದಲು ಪೂರ್ತಿ ಓದಿ.

ಪ್ರ: ಕರ್ನಾಟಕದಲ್ಲೇ ಪೋಸ್ಟಿಂಗ್ ಸಿಗುತ್ತಾ?

ಸಿಗಬಹುದು, ಖಾತ್ರಿ ಇಲ್ಲ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಕಲಬುರಗಿಯಲ್ಲಿ ಎಎಐ ಕಂಟ್ರೋಲರ್‌ಗಳಿದ್ದಾರೆ. ಆದರೆ ಮೊದಲ ಪೋಸ್ಟಿಂಗ್ ಅಸ್ಸಾಮೋ ಗುಜರಾತೋ ಆಗಬಹುದು. ಮನೆ ಬಿಟ್ಟು ಹೋಗಲು ತಯಾರಿದ್ದರೆ ಮಾತ್ರ ಅರ್ಜಿ ಹಾಕಿ. ಅಪ್ಪ ಅಮ್ಮನ ಜೊತೆ ಈ ಮಾತು ಮೊದಲೇ ಆಗಿಬಿಡಲಿ.

ಪ್ರ: ಡ್ಯೂಟಿ ಸಮಯ ಹೇಗೆ? ಹೆಣ್ಣುಮಕ್ಕಳಿಗೆ ಸರಿಹೋಗುತ್ತಾ?

ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಪಾಳಿ ಸುತ್ತುತ್ತಿರುತ್ತದೆ, ರಾತ್ರಿ ಪಾಳಿ ಆದ ಮೇಲೆ ರಜೆ ಬರುತ್ತದೆ. ಯುಗಾದಿಗೂ ದೀಪಾವಳಿಗೂ ಆಕಾಶಕ್ಕೆ ರಜೆ ಇಲ್ಲ. ಆದರೆ ಒಬ್ಬರನ್ನೇ ಎಂಟು ಗಂಟೆ ಮೈಕ್ ಮುಂದೆ ಕೂರಿಸುವುದಿಲ್ಲ. ಸ್ವಲ್ಪ ಹೊತ್ತು ಕೂತ ಮೇಲೆ ಬಿಡುವು ಕೊಡಲೇಬೇಕು ಅಂತ ನಿಯಮ ಇದೆ, ಯಾಕೆಂದರೆ ದಣಿದ ಕಿವಿ ತಪ್ಪು ಕೇಳಿಸಿಕೊಳ್ಳುತ್ತದೆ.

ಹೆಣ್ಣುಮಕ್ಕಳು ಈ ಕೆಲಸದಲ್ಲಿ ಬಹಳ ಜನ ಇದ್ದಾರೆ. ಸಂಬಳ, ರೇಟಿಂಗ್, ಬಡ್ತಿ ಎಲ್ಲ ಒಂದೇ. ರಾತ್ರಿ ಪಾಳಿ ಎಲ್ಲರಿಗೂ ಇದೆ. ‘ಮದುವೆ ಆದ ಮೇಲೆ ಹೇಗೆ’ ಅಂತ ಕೇಳುವ ತಂದೆ ತಾಯಿಗೆ ನಾನು ಹೇಳುವುದು ಇಷ್ಟೇ. ನರ್ಸ್‌ಗಳು, ಪೊಲೀಸರು, ಡಾಕ್ಟರ್‌ಗಳು ನಡೆಸುತ್ತಿರುವ ಸಂಸಾರವೇ ಇದು. ಮನೆಯವರು ಜೊತೆ ನಿಂತರೆ ನಡೆಯುತ್ತದೆ. ಆ ಕಾರಣಕ್ಕೆ ಮಗಳ ಅರ್ಜಿ ತಡೆಯಬೇಡಿ.

ಪ್ರ: ತುಂಬಾ ಟೆನ್ಷನ್ ಕೆಲಸ ಅಂತಾರೆ, ನಿಜವಾ?

ಒತ್ತಡ ಇದೆ. ಆದರೆ ದಿನವಿಡೀ ಕೂಗಾಟ ಇರುತ್ತದೆ ಅಂದುಕೊಂಡರೆ ತಪ್ಪು. ಚೆನ್ನಾಗಿ ನಡೆಯುವ ಕಂಟ್ರೋಲ್ ರೂಮ್ ತಣ್ಣಗಿರುತ್ತದೆ. ಕಷ್ಟ ಬರುವುದು ಒಟ್ಟೊಟ್ಟಿಗೆ ಬಂದಾಗ. ಚಳಿಗಾಲದ ಬೆಳಿಗ್ಗೆ ದೇವನಹಳ್ಳಿ ಕಡೆ ಮಂಜು ಇಳಿದಿರುತ್ತದೆ, ಮೇಲೆ ವಿಮಾನಗಳು ಸುತ್ತುತ್ತಿರುತ್ತವೆ, ಕೆಲವರ ಬಳಿ ಇಂಧನದ ಲೆಕ್ಕ ಶುರುವಾಗಿರುತ್ತದೆ. ಆಗ ಯಾರನ್ನು ಕಾಯಿಸಬೇಕು, ಯಾರನ್ನು ಚೆನ್ನೈಗೋ ಹೈದರಾಬಾದ್‌ಗೋ ಕಳಿಸಬೇಕು ಅನ್ನೋದಕ್ಕೆ ನಿಮಿಷಗಳಲ್ಲಿ ದಾರಿ ಕಾಣಬೇಕು. ಅಂಥ ಹೊತ್ತಿನಲ್ಲಿ ‘ನನಗೆ ಇಷ್ಟು ಸಾಕು, ಇನ್ನೊಬ್ಬರನ್ನು ಕರೀರಿ’ ಅಂತ ಬಾಯಿಬಿಟ್ಟು ಹೇಳುವುದು ದೊಡ್ಡ ಗುಣ. ಎಲ್ಲ ನಾನೇ ನಿಭಾಯಿಸುತ್ತೇನೆ ಅನ್ನುವವರು ಇಲ್ಲಿ ಅಪಾಯ.

ಪ್ರ: ಕಂಪ್ಯೂಟರ್ ಬಂದು ಈ ಕೆಲಸ ಹೋಗಲ್ವಾ?

ಕಂಪ್ಯೂಟರ್ ಬಂದು ಆಗಲೇ ಬಹಳ ಕಾಲವಾಯಿತು. ಸಮುದ್ರದ ಮೇಲಿನ ವಿಮಾನಗಳ ಜೊತೆ ಈಗ ಬರಹದ ಸಂದೇಶದಲ್ಲೂ ಮಾತಾಡುತ್ತಾರೆ. ಎರಡು ವಿಮಾನ ಹತ್ತಿರವಾದರೆ ಪರದೆ ಎಚ್ಚರಿಸುತ್ತದೆ. ವಿಮಾನದೊಳಗೂ ಡಿಕ್ಕಿ ತಪ್ಪಿಸುವ ಯಂತ್ರ ಇದೆ, ಚರ್ಖಿ ದಾದ್ರಿ ಆದ ಮೇಲೆ ಭಾರತದಲ್ಲಿ ಅದನ್ನು ಕಡ್ಡಾಯ ಮಾಡಿದರು. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗನ್ ಮೇಲೆ ಒಂದು ವಿಮಾನಕ್ಕೆ ಆ ಯಂತ್ರ ಮೇಲೆ ಹೋಗು ಅಂದಿತು, ಕಂಟ್ರೋಲರ್ ಕೆಳಗೆ ಹೋಗು ಅಂದರು. ಅದು ಕೆಳಗಿಳಿದು ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ 71 ಜನ ಸತ್ತರು. ಆ ಹೊತ್ತಿಗೆ ಅಲ್ಲಿ ಒಬ್ಬರೇ ಎರಡು ಜಾಗ ನೋಡಿಕೊಳ್ಳುತ್ತಿದ್ದರು. ಅಂಥ ಗಳಿಗೆಯಲ್ಲಿ ಯಂತ್ರದ ಮಾತೇ ಮೇಲು ಅನ್ನೋದು ಆ ಮೇಲೆ ಎಲ್ಲರಿಗೂ ಖಚಿತವಾಯಿತು.

ಇನ್ನೊಂದು ಕಡೆ ನೋಡಿ. 2025ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಫ್ಲೈಟ್ ಪ್ಲಾನ್‌ಗಳನ್ನು ರವಾನಿಸುವ ವ್ಯವಸ್ಥೆ ಕೆಟ್ಟಿತು. ನೂರಾರು ವಿಮಾನ ತಡವಾದವು. ಆದರೂ ಕಂಟ್ರೋಲರ್‌ಗಳು ಅದೇ ಕೆಲಸವನ್ನು ಕೈಯಲ್ಲೇ ಮಾಡಿ ವಿಮಾನಗಳನ್ನು ಕಳಿಸಿದರು. ಯಂತ್ರ ಕೈಕೊಟ್ಟಾಗ ಸುರಕ್ಷಿತವಾಗಿ ನಿಧಾನ ಮಾಡುವುದು ಹೇಗೆ ಅಂತ ಗೊತ್ತಿರುವವರು ಬೇಕೇ ಬೇಕು. ಈ ವೃತ್ತಿ ನಿಮ್ಮ ಕಾಲಕ್ಕೆ ಮುಗಿಯುತ್ತದೆ ಅಂತ ನನಗೆ ಅನಿಸುವುದಿಲ್ಲ.

ಪ್ರ: ಎಎಐ ಬಿಟ್ಟು ಬೇರೆ ದಾರಿ ಇದೆಯಾ?

ವಾಯುಪಡೆಯಲ್ಲಿ ಅಡ್ಮಿನಿಸ್ಟ್ರೇಷನ್ ಬ್ರಾಂಚಿನ ಅಧಿಕಾರಿಗಳು ಈ ಕೆಲಸ ಮಾಡುತ್ತಾರೆ, ಎಎಫ್‌ಕ್ಯಾಟ್ ಅನ್ನುವ ವಾಯುಪಡೆಯ ಪ್ರವೇಶ ಪರೀಕ್ಷೆಯ ಮೂಲಕ ಹೋಗಬಹುದು. ನೌಕಾಪಡೆ ಎಂಜಿನಿಯರಿಂಗ್ ಪದವೀಧರರನ್ನು ಶಾರ್ಟ್ ಸರ್ವಿಸ್‌ನಲ್ಲಿ ಎಟಿಸಿ, ಅಂದರೆ ಏರ್ ಟ್ರಾಫಿಕ್ ಕಂಟ್ರೋಲ್ ಅಧಿಕಾರಿಗಳಾಗಿ ತೆಗೆದುಕೊಳ್ಳುತ್ತದೆ. ಪುಣೆ, ಚಂಡೀಗಢಗಳಲ್ಲಿ ಪ್ರಯಾಣಿಕ ವಿಮಾನಗಳನ್ನೂ ವಾಯುಪಡೆಯೇ ನೋಡಿಕೊಳ್ಳುತ್ತದೆ, ಗೋವಾದ ದಾಬೋಲಿಮ್‌ನಲ್ಲಿ ನೌಕಾಪಡೆ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಟವರ್‌ನಲ್ಲಿ ಎಚ್‌ಎಎಲ್‌ನವರೇ ಇರುತ್ತಾರೆ.

ಅಮೆರಿಕದಲ್ಲಿ ಬೆಳೆದ ನಮ್ಮವರ ಮಕ್ಕಳೂ ಕೇಳುತ್ತಾರೆ. ಅಲ್ಲಿ ಎಫ್‌ಎಎಗೆ, ಅಂದರೆ ಅಲ್ಲಿಯ ಸರ್ಕಾರದ ವಿಮಾನಯಾನ ಸಂಸ್ಥೆಗೆ ಸೇರಲು ಆ ದೇಶದ ಪೌರತ್ವ ಬೇಕು, ಹೊಸಬರಿಗೆ 31 ತುಂಬಿರಬಾರದು.

ಪ್ರ: ಖಾಸಗಿ ಸಂಸ್ಥೆಯ ಎಟಿಸಿ ಡಿಪ್ಲೊಮಾ ಮಾಡಿದರೆ ಕೆಲಸ ಸಿಗುತ್ತಾ?

ಇಲ್ಲ. ಏವಿಯೇಷನ್ ಹೆಸರಿನ ಯಾವ ಖಾಸಗಿ ಡಿಪ್ಲೊಮಾವೂ ನಿಮ್ಮನ್ನು ಎಎಐ ಕಂಟ್ರೋಲರ್ ಮಾಡುವುದಿಲ್ಲ. ತರಬೇತಿ ಕೊಡುವುದು ಎಎಐ, ಅದೂ ಆಯ್ಕೆಯಾದ ಮೇಲೆ. ಪರೀಕ್ಷೆಗೆ ಕೋಚಿಂಗ್ ಬೇಕೆನಿಸಿದರೆ ಹೋಗಿ, ಅದು ನಿಮ್ಮ ಇಷ್ಟ. ಆದರೆ ‘ನೇರ ನೇಮಕಾತಿ, ಸೀಟು ಗ್ಯಾರಂಟಿ’ ಅಂತ ಹಣ ಕೇಳಿದವರನ್ನು ನಂಬಬೇಡಿ. ಜಮೀನು ಅಡ ಇಟ್ಟು ದುಡ್ಡು ಕೊಡಬೇಡಿ. ಎಎಐನ ಅಧಿಕೃತ ವೆಬ್‌ಸೈಟಿನಲ್ಲಿ ಇಲ್ಲದ ನೇಮಕಾತಿ ಇಲ್ಲವೇ ಇಲ್ಲ ಅಂತ ತಿಳಿಯಿರಿ.

ಪ್ರ: ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಈಗಿಂದ ಏನು ಮಾಡಲಿ?

ಮೊದಲು ಡಿಗ್ರಿ ಚೆನ್ನಾಗಿ ಮುಗಿಸಿ. ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ವಿಮಾನಗಳ ಓಡಾಟ ತೋರಿಸುವ ಆ್ಯಪ್‌ಗಳಲ್ಲಿ ಬೆಂಗಳೂರಿನ ಆಕಾಶ ನೋಡಿ. ಮಳೆಗಾಲದಲ್ಲಿ ವಿಮಾನಗಳು ಹೆಚ್ಚಾಗಿ ಪಶ್ಚಿಮಕ್ಕೆ ಮುಖ ಮಾಡಿ ಏರುವುದು, ಇಳಿಯುವುದು ಕಾಣುತ್ತದೆ. ಎದುರುಗಾಳಿ ಬೇಕು ಅನ್ನುವ ಪಾಠ ಅಲ್ಲೇ ಕಲಿಯಬಹುದು. ವಿಮಾನ ನಿಲ್ದಾಣಗಳ ಹವಾಮಾನ ವರದಿಯನ್ನು ಮೆಟಾರ್ ಅನ್ನುತ್ತಾರೆ, ಅದನ್ನು ಓದಲು ಕಲಿಯಿರಿ. ರೇಡಿಯೋ ಸ್ಕ್ಯಾನರ್ ಕೊಂಡು ಪೈಲಟ್‌ಗಳ ಮಾತು ಕೇಳಲು ಮಾತ್ರ ಹೋಗಬೇಡಿ, ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಅದು ಕಾನೂನಿಗೆ ವಿರುದ್ಧ.

ಪ್ರ: ಅರ್ಜಿ ಕರೆದಾಗ ಕೈಯಲ್ಲಿ ಏನೇನು ಇರಬೇಕು?

ಎಲ್ಲ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್, ಡಿಗ್ರಿ ಅಥವಾ ಪ್ರೊವಿಷನಲ್ ಸರ್ಟಿಫಿಕೇಟ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ನಮ್ಮ ರಾಜ್ಯದವರು ಎಚ್ಚರ ಇರಬೇಕು. ನಮ್ಮ 2ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡಿ, ಇದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ಕೇಂದ್ರದ ನಮೂನೆಯಲ್ಲೇ ಕೆನೆಪದರ ಅಲ್ಲದ ಒಬಿಸಿ ಪ್ರಮಾಣಪತ್ರ ಮಾಡಿಸಿ. ಇಡಬ್ಲ್ಯುಎಸ್‌ನವರೂ ಪ್ರಕಟಣೆಯಲ್ಲಿ ಕೇಳಿದ ವರ್ಷದ್ದೇ ತರಬೇಕು.

ಹೆಸರು ಎಲ್ಲ ಕಡೆ ಒಂದೇ ಇರಲಿ. ಎಸ್ಸೆಸ್ಸೆಲ್ಸಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಡಿಗ್ರಿಯಲ್ಲಿ ಊರಿನ ಹೆಸರು ಸೇರಿಕೊಂಡಿರುವುದು ನಮ್ಮಲ್ಲಿ ಸಾಮಾನ್ಯ. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ. ಆಧಾರ್ ಬೇರೆ ಇದ್ದರೆ ತಿದ್ದುಪಡಿಗೆ ಈಗಲೇ ಕೊಡಿ. ಪ್ರಕಟಣೆ ಬಂದ ಮೇಲೆ ಅರ್ಜಿಗೆ ಸಿಗುವುದು ಸಾಮಾನ್ಯವಾಗಿ ಒಂದು ತಿಂಗಳು ಅಷ್ಟೇ, ಅಷ್ಟರಲ್ಲಿ ತಿದ್ದುಪಡಿ ಆಗಿ ಕೈಗೆ ಬರುತ್ತದೆ ಅಂತ ನೆಚ್ಚಿಕೊಳ್ಳುವಂತಿಲ್ಲ.